ಕೆಂಪು ಬೀಸದ ಕೈ

ಮೊನ್ನೆ ಮಾರನಹಳ್ಳಿಯ ಹೋಟೆಲೊಂದರ ಹಿಂದೆ ನೀರೊಲೆಗೆ, ರೈಲು ಹಳಿಯಡಿ ಹಾಸುತ್ತಿದ್ದ ಹಳೆಯ ಮರದ ಸ್ಲೀಪರಿನ ತುಂಡು ಹಾಕಿದ್ದರು. ಟಾರು ಬೆರೆತ ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಪಾಯಿಂಟ್‌ಮನ್ ಮಾವ ನೆನಪಾದರು.

ಆಲೂರಿಗೂ ಸಕಲೇಶಪುರಕ್ಕೂ ನಡುವೆ ನಮ್ಮೂರಿಗೊಂದು ಪುಟ್ಟ ನಿಲ್ದಾಣವಿತ್ತು. ಮಾವ ನಮ್ಮ ನೆರೆಮನೆಯವರು. ನಿಲ್ದಾಣಕ್ಕೆ ಗದ್ದೆ ಬಿಟ್ಟುಕೊಟ್ಟ ಮನೆಯೆಂದು ಅಲ್ಲೇ ಕೆಲಸ ಸಿಕ್ಕಿತ್ತು. ಹಳಿ ಬದಲಿಸುವುದು, ಬಾವುಟ ತೋರಿಸುವುದು. ನಾನು ಹಾಸನದ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದದ್ದು ಬೆಳಗಿನ ಗಾಡಿಯಲ್ಲಿ. ನಾನು ಗದ್ದೆ ಬದುವಿನ ಮೇಲೆ ಓಡಿಬರುವುದು ಕಂಡರೆ, ಹಸಿರು ಬಾವುಟ ಬಿಚ್ಚಲು ಅವರು ಒಂದು ಗಳಿಗೆ ತಡಮಾಡುತ್ತಿದ್ದರು...

ಆಮೇಲೆ ಅಗಲದ ಹಳಿ ಹಾಕಲೆಂದು ವರ್ಷಗಟ್ಟಲೆ ಗಾಡಿ ನಿಂತಿತು. ಬೇರೆ ಊರಿಗೆ ವರ್ಗವಾಗಿದ್ದ ಮಾವ ನಿವೃತ್ತರಾಗಿ ಮರಳುವ ಹೊತ್ತಿಗೆ ದೊಡ್ಡ ಗಾಡಿಗಳು ಓಡತೊಡಗಿದ್ದವು. ನಮ್ಮಲ್ಲಿ ಮಾತ್ರ ನಿಲ್ಲುತ್ತಿರಲಿಲ್ಲ. ನಾನು ಅರ್ಜಿ ಬರೆದುಕೊಟ್ಟೆ, ಅವರು ಮನೆಮನೆ ತಿರುಗಿ ಸಹಿ ಹಾಕಿಸಿದರು. ಹತ್ತುವವರು ಕಡಿಮೆ ಎಂದು ಉತ್ತರ ಬಂತು.

"ಗಾಡಿ ನಿಂತ್ರೆ ತಾನೆ ಕಣವ್ವ, ಜನ ಹತ್ತೋದು?" ಎಂದರು ಮಾವ.

ಅಷ್ಟರಲ್ಲಿ ಅವರ ಹೆಂಡತಿಗೆ, ನಾವೆಲ್ಲ ಅತ್ತೆ ಎನ್ನುತ್ತಿದ್ದವರಿಗೆ, ಕಿಡ್ನಿ ಕೆಟ್ಟಿತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹಾಸನದ ಆಸ್ಪತ್ರೆ. ಬಸ್ಸು ಹಿಡಿಯಲು ಹಳಿ ಪಕ್ಕದ ದಾರಿಯಲ್ಲಿ ಎರಡು ಮೈಲಿ ನಡೆಯಬೇಕು. ಒಂದು ಬೆಳಿಗ್ಗೆ ಶಾಲೆಗೆಂದು ಹೊರಟ ನಾನೂ ಜೊತೆಗಿದ್ದೆ. ಪಾಳುಬಿದ್ದ ಪ್ಲಾಟ್‌ಫಾರಂ ಹತ್ತಿರ ಅತ್ತೆ ಕುಸಿದು ಕೂತರು. ತಿರುವಿನಾಚೆ ಹಾಸನದ ಗಾಡಿ ಕೂಗಿತು. ಮಾವನ ಹೆಗಲ ಮೇಲೆ ಕೆಂಪು ಟವೆಲ್ಲಿತ್ತು.

"ಬೀಸಿ ಮಾವ! ನಿಲ್ಲಿಸ್ತಾರೆ!"

ಟವೆಲು ಕೈಗೆ ತೆಗೆದುಕೊಂಡರು. ಕೈ ಮೇಲೇಳಲಿಲ್ಲ. ಕಿತ್ತುಕೊಂಡು ನಾನೇ ಬೀಸಬಹುದಿತ್ತು... ಬೀಸಲಿಲ್ಲ. ಬೋಗಿಗಳು ಒಂದೊಂದಾಗಿ ಹಾದುಹೋದವು.

"ಕೆಂಪು ತೋರ್ಸೋದು ಹಳಿ ಮುರ್ದಿದ್ರೆ ಕಣವ್ವ. ನಮ್ಗೋಸ್ಕರ ಹೆಂಗೆ ತೋರ್ಸ್ಲಿ?"

"ಹೋಗ್ಲಿ ಬುಡಿ," ಎಂದರು ಅತ್ತೆ.

ಅಂದು ಯಾರದೋ ಜೀಪು ಸಿಕ್ಕಿ ಹಾಸನ ಮುಟ್ಟಿದೆವು. ಕೆಲವು ವಾರಗಳಲ್ಲಿ ಅತ್ತೆ, ಇನ್ನು ಆ ದಾರಿ ನಡೆಯಲಾರೆ ಎಂದುಬಿಟ್ಟರು. ಮುಂದಿನ ಮಳೆಗಾಲಕ್ಕೆ ಅವರಿರಲಿಲ್ಲ. ನಿಲ್ದಾಣದ ಕಟ್ಟಡ ಕೆಡವಿದ ದಿನ ಮಾವ ಮನೆಯಿಂದ ಹೊರಗೆ ಬರಲಿಲ್ಲ. ಈಗ ಅವರೂ ಇಲ್ಲ.

ನಾನು ಈಗ ಸಕಲೇಶಪುರಕ್ಕೆ ಹೋಗಿ ರೈಲು ಹತ್ತುತ್ತೇನೆ. ಹೋದ ವಾರ ಪಕ್ಕದಲ್ಲಿ ಕೂತಿದ್ದ ಹುಡುಗಿಗೆ, "ನೋಡಮ್ಮ, ಇಲ್ಲೊಂದು ಸ್ಟೇಷನ್ ಇತ್ತು," ಎಂದೆ. ಅವಳು ಕಿಟಕಿಯತ್ತ ತಿರುಗುವಷ್ಟರಲ್ಲಿ ಗಾಡಿ ಆ ಜಾಗ ದಾಟಿಬಿಟ್ಟಿತ್ತು.