ದಾದೀಮಾ ಓದಿದ ಆನೆಯ ಕಾಮಿಕ್ಸ್

ಆಗೆಲ್ಲ ಶಿವಾಜಿನಗರದ ನಮ್ಮಂಥ ಮಕ್ಕಳು ಕಾಮಿಕ್ಸ್ ಬೇಕೆಂದರೆ ಪುಸ್ತಕದಂಗಡಿಗೆ ಹೋಗುತ್ತಿರಲಿಲ್ಲ, ರದ್ದಿ ಅಂಗಡಿಗೆ ಹೋಗುತ್ತಿದ್ದೆವು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೇ ಪೇಪರಿನ ಕಟ್ಟುಗಳ ನಡುವೆ ಕೈ ಹಾಕಿದರೆ ಒಂದೊಂದು ಸಿಗುತ್ತಿತ್ತು, ರಟ್ಟು ಹರಿದು, ಪುದೀನ ಸೊಪ್ಪಿನ ವಾಸನೆ ಅಂಟಿಸಿಕೊಂಡು. ಹಿಂದಿನ ಸಂಚಿಕೆ, ಮುಂದಿನ ಸಂಚಿಕೆ ಎಂಬುದೆಲ್ಲ ಅಲ್ಲಿ ನಡೆಯುತ್ತಿರಲಿಲ್ಲ. ಸಿಕ್ಕಿದ್ದೇ ಕಥೆ.

ನನಗೆ ಎಂಟು ವರ್ಷ. ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು. ಮಹಡಿಯ ಮೇಲೆ ನಮ್ಮದೊಂದು ಬಾಡಿಗೆ ಕೋಣೆ, ಕೆಳಗೆ ಮನೆ ಮಾಲೀಕರು. ಮಾಲೀಕರ ತಾಯಿಯನ್ನು ಇಡೀ ಗಲ್ಲಿ ದಾದೀಮಾ ಎನ್ನುತ್ತಿತ್ತು. ಆ ಬೇಸಿಗೆ ರಜೆಯಲ್ಲಿ ಅವ್ವ ಹೆರಿಗೆಗೆಂದು ತವರಿಗೆ ಹೋದಳು. ಮಗು ಉಳಿಯಲಿಲ್ಲ, ಅವ್ವ ಹಾಸಿಗೆ ಹಿಡಿದಳು. ಇದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ದೊಡ್ಡವರು ನನ್ನನ್ನು ಕಂಡೊಡನೆ ಮಾತು ನಿಲ್ಲಿಸುತ್ತಿದ್ದರು. ಹಾಗಾಗಿ ಅವ್ವ ಇನ್ನು ಬರುವುದಿಲ್ಲ ಎಂದು ನಾನೇ ತೀರ್ಮಾನಿಸಿದ್ದೆ. ಅಪ್ಪನನ್ನು ಕೇಳಿದರೆ, “ಬರ್ತಾಳ ಬಿಡವ್ವ,” ಎಂದು ಗೋಡೆ ನೋಡುತ್ತಿದ್ದ.

ಅಪ್ಪ ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ನಾನು ದಾದೀಮಾ ಮನೆಯಲ್ಲೇ. ಮಧ್ಯಾಹ್ನ ಚಹಾದಲ್ಲಿ ಅದ್ದಿದ ಖಾರಾ ಬಿಸ್ಕತ್ತು ಕೊಡುತ್ತಿದ್ದರು. ಅವರ ಮೊಮ್ಮಕ್ಕಳು ಪುಸ್ತಕ ತೆರೆದು, ಪುಟಸಂಖ್ಯೆಯ ಕೊನೆಯ ಅಂಕಿಯನ್ನೇ ರನ್ ಮಾಡಿಕೊಂಡು ಬುಕ್ ಕ್ರಿಕೆಟ್ ಆಡುತ್ತಿದ್ದರು. ನನ್ನ ಹತ್ತಿರ ಇದ್ದದ್ದು ಒಂದೇ ಒಂದು ಕಾಮಿಕ್ಸ್. ಇಷ್ಟು ತೆಳ್ಳಗಿನ ಪುಸ್ತಕಕ್ಕೆ ಟೀಮಿನಲ್ಲಿ ಜಾಗವಿಲ್ಲ ಎಂದು ನನ್ನನ್ನು ಆಚೆ ಕೂರಿಸಿದ್ದರು.

ಪುಟಕ್ಕೆ ಅಕ್ಕಪಕ್ಕ ಎರಡೇ ದೊಡ್ಡ ಚಿತ್ರಗಳಿದ್ದ ಕಾಮಿಕ್ಸ್ ಅದು. ತಾಯಿಯಾನೆ, ಮರಿಯಾನೆ ಕೆರೆಯಲ್ಲಿ ನೀರು ಕುಡಿಯುತ್ತವೆ. ಆಮೇಲೆ ಕಬ್ಬಿನ ಗದ್ದೆಗೆ ನುಗ್ಗುತ್ತವೆ. ಹಳ್ಳಿಯವರು ಪಂಜು ಹಿಡಿದು ಅಟ್ಟುತ್ತಾರೆ. ಕೊನೆಯ ಪುಟದಲ್ಲಿ ತಾಯಿ ಗುಂಡಿಗೆ ಬಿದ್ದಿದೆ, ಮರಿ ಮೇಲೆ ಒಂಟಿಯಾಗಿ ನಿಂತಿದೆ. ಮುಂದಿನ ಸಂಚಿಕೆಗಾಗಿ ನಾನು ರದ್ದಿ ಅಂಗಡಿಯನ್ನು ತಲೆಕೆಳಗು ಮಾಡಿದೆ. ಸಿಗಲಿಲ್ಲ. ಗುಂಡಿಗೆ ಬಿದ್ದ ತಾಯಿ ಗುಂಡಿಯಲ್ಲೇ ಉಳಿಯಿತು.

ಒಂದು ಮಧ್ಯಾಹ್ನ ನಾನು ಅದನ್ನು ಹಿಡಿದು ಅಳುತ್ತಿದ್ದಾಗ ದಾದೀಮಾ ಕೈಗೆ ತೆಗೆದುಕೊಂಡರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಬರುತ್ತಿದ್ದದ್ದು ಉರ್ದು ಮಾತ್ರ. ಅಭ್ಯಾಸದಂತೆ ಪುಸ್ತಕವನ್ನು ಹಿಂದಿನಿಂದ ತೆರೆದು ಬಲಗಡೆಯ ಚಿತ್ರದಿಂದ ಶುರು ಮಾಡಿದರು. ಅದು ಉಲ್ಟಾ ಎಂದು ನಾನು ಅಳುವುದನ್ನೂ ಮರೆತು ನಕ್ಕೆ.

“ನಮ್ದು ಕಿತಾಬ್ ಹಿಂಗೇ ಬೇಟಿ,” ಎಂದು ಅವರು ಮುಂದುವರಿದರು. “ನೋಡು, ಅಮ್ಮಾ ಗುಂಡಿಯಿಂದ ಎದ್ಬಿಟ್ತು.”

ಅವರ ಕಥೆಯಲ್ಲಿ ಹಳ್ಳಿಯವರು ಪಂಜು ಹಿಡಿದದ್ದು ಆನೆಗಳಿಗೆ ದಾರಿ ತೋರಿಸಲು. ದಾರಿಯಲ್ಲಿ ಹಸಿವಾದೀತೆಂದು ಹೊಟ್ಟೆ ತುಂಬ ಕಬ್ಬು ತಿನ್ನಿಸಿದರು. ಕೊನೆಗೆ ಎರಡೂ ಊರ ಕೆರೆ ಸೇರಿ ನೀರು ಕುಡಿದವು. ಮುಗಿಯಿತು. ಮರುದಿನ ನಾನೇ ಪುಸ್ತಕ ಹಿಡಿದು ಹೋಗಿ, “ನಿಮ್ ಕಡೆಯಿಂದ ಓದಿ ದಾದೀಮಾ,” ಎಂದೆ. ಆಮೇಲೆ ದಿನವೂ ಅದೇ.

ಎರಡು ಚಿತ್ರಗಳ ನಡುವಿನ ಬಿಳಿ ಪಟ್ಟಿಯ ಮೇಲೆ ಬೆರಳಿಟ್ಟು, ಆನೆ ಅಲ್ಲಿ ಏನೇನು ಮಾಡಿತೆಂದು ನಿಧಾನವಾಗಿ ಹೇಳಿಯೇ ಅವರು ಮುಂದೆ ಹೋಗುತ್ತಿದ್ದರು. ಒಂದು ದಿನ ಧೈರ್ಯ ಮಾಡಿ ಕೇಳಿದೆ, “ನಮ್ಮವ್ವ ಎಲ್ಲಿದಾಳೆ?”

ಅವರು ಬೆರಳು ಎತ್ತಲಿಲ್ಲ. “ಇಲ್ಲಿ ಐತೆ ಬೇಟಿ. ಚಿತ್ರದಲ್ಲಿ ಕಾಣಲ್ಲ. ಬರ್ತಾ ಐತೆ.”

ಅವ್ವ ಹೋದ ಮೇಲೆ ಅಂದು ಮೊದಲ ಸಲ ನನಗೆ ಹೊಟ್ಟೆ ತುಂಬ ಉಣ್ಣಲು ಸಾಧ್ಯವಾಯಿತು.

ಶಾಲೆ ಶುರುವಾಗುವ ಹಿಂದಿನ ವಾರ ಅಪ್ಪ ನನ್ನನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಕರೆದೊಯ್ದ. ಅವ್ವ ರೈಲಿಳಿದಳು, ಸೊರಗಿ, ಬರಿಗೈಯಲ್ಲಿ. ನಾನು ಮಗುವಿನ ವಿಷಯ ಕೇಳಲಿಲ್ಲ. ಮನೆಗೆ ಬಂದವಳೇ ಅವ್ವ ದಾದೀಮಾ ಮಡಿಲಲ್ಲಿ ಮುಖವಿಟ್ಟು ಅತ್ತಳು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧಂಬರ್ಧ.

ಈಗ ರಾಮಮೂರ್ತಿ ನಗರದ ನನ್ನ ಮನೆಯಲ್ಲಿ ಒಂದು ಕಪಾಟು ತುಂಬ ಕಾಮಿಕ್ಸ್, ದಪ್ಪ ದಪ್ಪ ಗ್ರಾಫಿಕ್ ಕಾದಂಬರಿಗಳು. ಚಿತ್ರ ಹೇಳಿದ್ದನ್ನೇ ಮಾತೂ ಹೇಳಿದರೆ ನನಗೆ ರೇಗುತ್ತದೆ, ದಾದೀಮಾ ಬೆರಳಿಡಲು ಜಾಗವನ್ನೇ ಬಿಡಲಿಲ್ಲವಲ್ಲ ಎಂದು. ಇಂದಿರಾನಗರದ ಪುಸ್ತಕದಂಗಡಿಯ ಹುಡುಗಿಯೊಬ್ಬಳು ಜಪಾನಿನ ಕಾಮಿಕ್ಸ್ ಕೊಡುತ್ತಾ, “ಮ್ಯಾಮ್, ಇದನ್ನ ಹಿಂದಿನಿಂದ ಓದ್ಬೇಕು,” ಎಂದಾಗ ನಕ್ಕುಬಿಟ್ಟೆ. ಆ ವಿದ್ಯೆ ನನಗೆ ಎಂಟನೇ ವಯಸ್ಸಿಗೇ ಬಂದಿತ್ತು.

ದಾದೀಮಾ ಹೋಗಿ ಬಹಳ ವರ್ಷಗಳಾದವು. ಅವರ ಮನೆ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುವ ಅಂಗಡಿ. ಕಳೆದ ವರ್ಷ ಅವ್ವನೂ ಹೋದಳು. ಬಂದ ನೆಂಟರೆಲ್ಲ ಹೊರಟ ಮೇಲೆ ಕಪಾಟಿನಿಂದ ಆ ಆನೆಯ ಕಾಮಿಕ್ಸ್ ತೆಗೆದು ಹಿಂದಿನಿಂದ ತೆರೆದೆ. “ಅಮ್ಮಾ ಎದ್ಬಿಟ್ತು,” ಎಂದು ಹೇಳುವವರು ಪಕ್ಕದಲ್ಲಿ ಇರಲಿಲ್ಲ, ನಾನೇ ಹೇಳಿಕೊಂಡೆ. ಪಂಜು, ಕಬ್ಬು, ದಾರಿ ಎಲ್ಲ ದಾಟಿ, ಬಿಳಿ ಪಟ್ಟಿಗಳಲ್ಲಿ ಬೆರಳಿಡುತ್ತಾ ಕೆರೆಯವರೆಗೆ ಬಂದೆ. ಎರಡೂ ನೀರು ಕುಡಿಯುತ್ತಿದ್ದವು. ಅಲ್ಲಿಗೆ ಪುಸ್ತಕ ಮುಚ್ಚಿದೆ.