ಮೈಕಮ್ಮನ ಮುಂದಿನ ಹಲ್ಲು

ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಅವಳು ಮಾತಿಗೆ ನಿಂತರೆ ಒಳಗೆ ಮ್ಯಾನೇಜರನ ಟೀ ಆರಿಹೋಗುತ್ತಿತ್ತು. ಅದಕ್ಕೇ ನಮ್ಮ ಕಾರ್ಮಿಕ ಸಂಘದಲ್ಲಿ ಅವಳಿಗೆ ಮೈಕಮ್ಮ ಅಂತ ಹೆಸರು. ಕಾಲರ್ ಹೊಲಿಯುವ ಕೆಲಸ, ಯಾರ ಮುಲಾಜೂ ಇಲ್ಲ. ಕಾರ್ಖಾನೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಮುಂದಿನ ಹಲ್ಲು ಹೋದವು ನೋಡಿ, ಬಾಯಿಗೆ ಕೈ ಅಡ್ಡ ಬಂತು. "ಮಾತೆಲ್ಲ ಗಾಳಿಗೆ ಹೋಗುತ್ತೆ, ನಗ್ತಾರೆ" ಎಂದು ಮೈಕ್ ಮುಟ್ಟುವುದನ್ನೇ ಬಿಟ್ಟಳು. ಅವಳ ಬದಲು, ಸಂಘದಲ್ಲಿ ಎಲ್ಲರಿಗಿಂತ ಹಿರಿಯನೆಂದು, ನಾನು ಮಾತಾಡತೊಡಗಿದೆ. ಮ್ಯಾನೇಜರ್ ಬಿಸಿಬಿಸಿ ಟೀ ಕುಡಿಯತೊಡಗಿದ.

ಅವಳ ಅಣ್ಣನ ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಬಾಯೊಳಗಿನ ಸ್ಕ್ಯಾನ್ ಒಂದು, ಮುಖದ ಸ್ಕ್ಯಾನ್ ಒಂದು. ಎರಡನ್ನೂ ಕಂಪ್ಯೂಟರಿನಲ್ಲಿ ಹೊಂದಿಸಿ, ಆ ಮುಖಕ್ಕೊಪ್ಪುವ ಹಲ್ಲು ಕೂರಿಸುವುದು ಅವಳ ಕೆಲಸ. ಅತ್ತೆಯನ್ನು ದರದರ ಎಳೆದುಕೊಂಡು ಹೋದಳು. ಜೊತೆಗೆ ನಾನು.

ಬಾಯಿಗೆ ಇಟ್ಟು ನೋಡಲೆಂದು ಮೊದಲು ಬಂದ ಪ್ಲಾಸ್ಟಿಕ್ ಹಲ್ಲಿನ ನಮೂನೆ, ಗೋಡೆಗೆ ಸೊಟ್ಟಗೆ ನೇತುಹಾಕಿದ ಫೋಟೋದಂತೆ ಎಡಕ್ಕೆ ವಾಲಿತ್ತು.

"ನನ್ನ ಮೂತಿಯೇ ಸೊಟ್ಟ ಅಂತ ಹೇಳಿಬಿಡೇ. ಇದೇ ಕೊನೆ, ಇನ್ನು ಬರಲ್ಲ."

"ಮೂತಿ ಸರಿಯಾಗೇ ಇದೆ ಅತ್ತೆ. ಹಲ್ಲಿನ ಸ್ಕ್ಯಾನೂ ಸರಿ. ಎರಡನ್ನೂ ಸೇರಿಸಿದ್ದು ತಪ್ಪು. ನೀನು ತುಟಿ ಬಿಗಿಹಿಡಿದೆ, ಹಲ್ಲು ಕಾಣಲಿಲ್ಲ. ನಾನು ಕೆನ್ನೆ, ತುಟಿ ನೋಡಿ ಹೊಂದಿಸಿಬಿಟ್ಟೆ. ಅವು ಅಲ್ಲಾಡ್ತವೆ. ಅಲ್ಲಾಡದೇ ಇರೋದು ಹಣೆ, ಮೂಗಿನ ಬುಡ."

ಹಾಗಂದು ಹಣೆಗೆ ಚುಕ್ಕೆ ಚುಕ್ಕೆ ಸ್ಟಿಕರ್ ಅಂಟಿಸತೊಡಗಿದಳು.

"ಏನೇ, ಹಣೆಬರಹ ತಿದ್ತಿದ್ದೀಯಾ?"

"ಸುಮ್ನೆ ಕೂತ್ಕೋ. ಬಾಯಿ ಬಿಡು. ಈ ಪ್ಲಾಸ್ಟಿಕ್ ಕೊಕ್ಕೆ ತುಟಿ ಎಳೆದು ಹಿಡಿಯುತ್ತೆ. ಉಳಿದ ಹಲ್ಲೆಲ್ಲ ಮುಖದ ಸ್ಕ್ಯಾನಿನಲ್ಲೂ ಕಾಣ್ಬೇಕು."

ಪೊಲೀಸರ ಲಾಠಿಗೆ ಕಣ್ಣು ಮಿಟುಕಿಸದವಳು ಬೆರಳುದ್ದದ ಪ್ಲಾಸ್ಟಿಕ್ಕಿಗೆ ಹೆದರಿದಳು. ಕೈ ಬಾಯಿಂದ ಕದಲಲಿಲ್ಲ.

"ಈ ಮುದುಕ ಹೊರಗೆ ಹೋಗ್ಲಿ."

"ಹೋಗಲ್ಲ" ಎಂದೆ. "ನಿನ್ನ ಬದಲು ಭಾಷಣ ಮಾಡಿ ಸಾಕಾಗಿದೆ. ಜನ ಆಕಳಿಸ್ತಾರೆ."

"ಆಕಳಿಸದೆ ಇನ್ನೇನು ಮಾಡ್ತಾರೆ? ನಿಂದು ಭಾಷಣವಾ, ಜೋಗುಳವಾ?" ಎಂದು ಬೈಯುವ ಭರದಲ್ಲಿ ಕೈ ಇಳಿಸಿದಳು. ಅಣ್ಣನ ಮಗಳು ಚುರುಕು, ತಕ್ಷಣ ಕೊಕ್ಕೆಯನ್ನು ತುಟಿಗೆ ಸಿಕ್ಕಿಸಿಯೇಬಿಟ್ಟಳು. ಮುಖ ಹಾಗೇ ಸ್ಕ್ಯಾನ್ ಆಯಿತು.

ವಾರ ಬಿಟ್ಟು ಬಂದ ಎರಡನೇ ನಮೂನೆ ನೇರವಾಗಿ ಕೂತಿತು. ಮೈಕಮ್ಮ ಕನ್ನಡಿಯಲ್ಲಿ ಅತ್ತಿತ್ತ ತಿರುಗಿ ನೋಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಒಂದು ಘೋಷಣೆ ಕೂಗಿದಳು. ಒಂದಕ್ಷರವೂ ಜಾರಲಿಲ್ಲ. ಪಕ್ಕದ ಕೋಣೆಯ ಡಾಕ್ಟರು ಗಾಬರಿಬಿದ್ದು ಓಡಿಬಂದರು.

"ಇನ್ನು ತೆಗಿ ಅತ್ತೆ, ಅದು ಬರೀ ನಮೂನೆ. ಗಟ್ಟಿ ಹಲ್ಲು ಆಮೇಲೆ ಬರುತ್ತೆ."

ಮೈಕಮ್ಮ ಆಗಲೇ ಎರಡೂ ಕೈ ಬೀಸುತ್ತಾ ಬಾಗಿಲು ದಾಟಿದ್ದಳು.

"ನಾಳೆ ಗೇಟ್ ಮೀಟಿಂಗ್ ಇದೆ ಕಣೇ. ಮುಗಿಸಿ ತಂದ್ಕೊಡ್ತೀನಿ."