ಹಸಿರು ಚೀಟಿ ಎತ್ತಿದ ಕೈ

ಸರ್ಕಾರದವರು ನಡೆಸಿದ ರಾಷ್ಟ್ರೀಯ ವಿಚಾರ ಸಮಾವೇಶಕ್ಕೆ ಬನಹಟ್ಟಿಯ ಕೈಮಗ್ಗದ ಹೆಂಗಸರ ಪರವಾಗಿ ಹೋಗಿ ಬಂದವಳು ನಾನು. ಹೋಗುವ ಹೊತ್ತಿಗೆ ನಾನು ಕೈಮಗ್ಗ ಬಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೋದರೆ ನಡುವೆ ಎಲ್ಲೋ ಒಳ್ಳೆಯವಳಾಗುವ ಆಸೆ ಹುಟ್ಟುತ್ತದೆ.

ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಕರೆಂಟಿನ ಮಗ್ಗ ಓಡುತ್ತವೆ. ಅವನ್ನು ಮಗ ನೋಡಿಕೊಳ್ಳುತ್ತಾನೆ. ಮುಂದಿನ ಪಡಸಾಲೆಯಲ್ಲಿ ಮಾತ್ರ ನಮ್ಮ ಅತ್ತೆಯ ಕಾಲದ ಕುಣಿಮಗ್ಗ ಹಾಗೇ ಇದೆ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥದು. ಅಮಾವಾಸ್ಯೆಗೊಮ್ಮೆ ಅದಕ್ಕೆ ಪೂಜೆ. ಬರಿದಾದ ಮಗ್ಗಕ್ಕೆ ಕುಂಕುಮ ಇಡಬಾರದು ಎಂಬುದು ನಮ್ಮ ಮನೆಯ ಪದ್ಧತಿ. ಅದಕ್ಕೇ ಅದರ ಮೇಲೆ ಯಾವಾಗಲೂ ಉದ್ದ ನೂಲಿನ ಒಂದು ಹಾಸು ಬಿಗಿದಿರುತ್ತದೆ. ಪೂಜೆ ಮುಗಿದ ಮೇಲೆ ನಾನು ಕುಣಿಯಲ್ಲಿ ಇಳಿದು ನಾಲ್ಕು ಬೆರಳಷ್ಟು ಬಟ್ಟೆ ನೇಯ್ದು ಏಳುತ್ತೇನೆ. ಮತ್ತೆ ಅದನ್ನು ಮುಟ್ಟುವುದು ಮುಂದಿನ ಅಮಾವಾಸ್ಯೆಗೆ.

ಇಲಾಖೆಯ ಸಾಹೇಬರು ನಮ್ಮ ಓಣಿಗೆ ಬಂದದ್ದು ಅಂಥ ಒಂದು ದಿನ. ಅಮಾವಾಸ್ಯೆ ಅಂತ ಹಿಂದಿನ ಶೆಡ್ಡಿನ ಮಗ್ಗಗಳು ನಿಂತಿದ್ದವು, ಮನೆಯಲ್ಲಿ ಸಪ್ಪಳವಿರಲಿಲ್ಲ. ಬಾಗಿಲಲ್ಲಿ ನಿಂತು ನೋಡಿದರೆ ಕಾಣುವುದು ಕುಣಿಯಲ್ಲಿ ಕೂತ ಒಬ್ಬ ಮುದುಕಿ, ಅವಳ ಕೈಯಲ್ಲಿ ಲಾಳಿ.

“ಆಯಿ, ನೀವ ನೇಯ್ತೀರೇನ್ರಿ?”

“ಹೂಂನ್ರಿ.”

“ಎಷ್ಟ ವರ್ಷ ಆತ್ರಿ?”

“ಹನ್ನೆರಡ ವರ್ಷದಾಕಿ ಇದ್ದಾಗ ಕುಣಿಯಾಗ ಇಳದೇನ್ರಿ.”

ಎರಡೂ ಖರೆ ಮಾತೇ. ಎರಡು ಖರೆ ಮಾತಿನ ನಡುವೆ ಹಿಂದಿನ ಶೆಡ್ಡನ್ನು ಮುಚ್ಚಿಟ್ಟೆ. ಅವರು ಫೋಟೋ ತೆಗೆದುಕೊಂಡರು. ಎಂಟು ದಿನಕ್ಕೆ ಕಾಗದ ಬಂತು. ದೂರದ ದೊಡ್ಡ ಊರು, ರೈಲಿನ ಪ್ರಯಾಣ, ಊಟ ವಸತಿ ಎಲ್ಲ ಅವರದೇ.

ಮಗ ಕಾಗದ ಓದಿ ನಕ್ಕ. “ಯವ್ವಾ, ಇಷ್ಟ ದಿನಾ ನನಗಷ್ಟ ಬೈತಿದ್ದಿ. ಇನ್ನ ದೇಶಕ್ಕೆಲ್ಲಾ ಬೈಯಾಕ ಹೊಂಟಿ ನೋಡು.”

“ಬಾಯಿ ಮುಚ್ಚಲೇ” ಎಂದೆ. ಆದರೆ ಒಳಗೆ ಉಬ್ಬಿದ್ದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳನ್ನು ಕಾಗದ ಹಾಕಿ ಕರೆದಿದ್ದರು.

ನಮ್ಮಿಂದ ಮೂರನೇ ಮನೆಯಲ್ಲಿ ಒಬ್ಬಳಿದ್ದಾಳೆ, ನನ್ನ ಮಗಳ ವಯಸ್ಸು. ಓಣಿಯಲ್ಲಿ ಈಗ ಖರೆಖರೆ ಕೈಮಗ್ಗ ನೇಯುವವಳು ಅವಳೊಬ್ಬಳೇ. ಗಂಡ ಮುಧೋಳದ ಕಡೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಬರುತ್ತಾನೆ. ಅತ್ತೆ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾಳೆ. ಮಗ್ಗಕ್ಕೂ ಹಾಸಿಗೆಗೂ ನಾಲ್ಕು ಹೆಜ್ಜೆ. ಒಂದಿಷ್ಟು ನೇಯುವುದು, ಎದ್ದು ಮುದುಕಿಯನ್ನು ಹೊರಳಿಸುವುದು, ನೀರು ಕುಡಿಸುವುದು, ಮತ್ತೆ ಕುಣಿಗೆ ಇಳಿಯುವುದು. ನಾನು ಹೊರಡುವ ಹಿಂದಿನ ದಿನ ಅವಳು ನನ್ನನ್ನು ಕರೆದಳು.

“ದೊಡ್ಡವ್ವಾ, ಹೊಂಟಿ ಅಂತಲ್ಲ. ನಂದೊಂದ ಮಾತ ಒಯ್ಯಿ.”

“ಏನಬೇ?”

“ಊರ ಹೊರಗ ಶೆಡ್ಡ ಕಟ್ಟಿ ಎಲ್ಲಾರೂ ಅಲ್ಲೇ ಬಂದ ನೇಯ್ರಿ ಅನ್ನಾವ್ರದಾರಂತ. ನಾ ಅಲ್ಲಿ ಹೋಗಿ ಕುಂತ್ರ ಈಕಿನ್ನ ಹೊಳ್ಳಸಾವ್ರು ಯಾರು? ಮಗ್ಗ ಮನ್ಯಾಗ ಇರಲಿ, ನೂಲು ಮನಿಗೇ ಬರಲಿ. ಇಷ್ಟ ಹೇಳು.”

“ಹೇಳ್ತೇನಿ ಬಿಡು.”

ಒಳಗಿನಿಂದ ಅತ್ತೆ ಕೂಗಿದಳು. ಅವಳ ಕೈಕಾಲು ಹೋಗಿವೆ, ಬಾಯಿ ಹೋಗಿಲ್ಲ. “ಮೈಕಿನ್ಯಾಗ ಹೇಳಂತ ಹೇಳ ಆಕಿಗೆ! ಬರೇ ಬಾಯಿಲೆ ಹೇಳಿದ್ರ ಸರ್ಕಾರಕ್ಕ ಕೇಳಸಾಂಗಿಲ್ಲ!”

ಮೂವರೂ ನಕ್ಕೆವು.

ಸಮಾವೇಶದ ಸಭಾಗೃಹ ತಂಪಾಗಿತ್ತು. ದುಂಡನೆಯ ಮೇಜುಗಳು, ಒಂದೊಂದಕ್ಕೂ ಎಂಟೊಂಬತ್ತು ಜನ. ನನ್ನ ಕುತ್ತಿಗೆಗೆ ಒಂದು ಕಾರ್ಡು ಕಟ್ಟಿದರು, ಅದರಲ್ಲಿ ‘ಕೈಮಗ್ಗ ನೇಕಾರರು’ ಎಂದು ಬರೆದಿತ್ತು. ಕನ್ನಡದಲ್ಲಿ ತಿಳಿಸಿ ಹೇಳಲು ಬೆಂಗಳೂರಿನ ಹುಡುಗಿಯೊಬ್ಬಳು ಪಕ್ಕದಲ್ಲೇ ಕೂತಿದ್ದಳು. ಎದುರಿಗೆ ಕುಂಬಾರರ ಪರವಾಗಿ ಬಂದ ಗಂಡಸು. ಅವನ ಉಗುರುಗಳು ಮದುಮಗನ ಉಗುರಿನ ಹಾಗೆ ಸ್ವಚ್ಛ. ನಾನು ಅವನ ಕೈ ನೋಡಿದೆ, ಅವನು ನನ್ನ ಕೈ ನೋಡಿದ. ಇಬ್ಬರೂ ನೀರು ಕುಡಿದೆವು.

ಮೊದಲ ದಿನ ಬರೀ ಭಾಷಣ. ಎರಡನೆಯ ದಿನ ಒಂದೊಂದೇ ವಿಚಾರ ಓದಿ, ಒಪ್ಪಿದವರು ಹಸಿರು ಚೀಟಿ, ಒಪ್ಪದವರು ಕೆಂಪು ಚೀಟಿ ಎತ್ತಬೇಕು ಎಂದರು. ಊಟದ ಹೊತ್ತಿಗೆ ನಮ್ಮ ವಿಚಾರ ಬಂತು. ಮಗ್ಗಗಳನ್ನು ಮನೆಯಿಂದ ಸಾಮೂಹಿಕ ಶೆಡ್ಡಿಗೆ ತರುವುದು, ಶೆಡ್ಡಿಗೆ ಬರುವವರಿಗೆ ಮಾತ್ರ ನೂಲು ಕೊಡುವುದು.

“ಅಮ್ಮಾ, ನೀವು ಮನೆಯಲ್ಲೇ ನೇಯೋರಲ್ವಾ? ಕೆಂಪು ಎತ್ತೋದಾದ್ರೆ ಎತ್ತಿ. ಆಮೇಲೆ ನಿಂತು ಕಾರಣ ಹೇಳಬೇಕಾಗುತ್ತೆ. ದಿನಕ್ಕೆ ಎಷ್ಟು ಹೊತ್ತು ನೇಯ್ತೀರಿ, ತಿಂಗಳಿಗೆ ಎಷ್ಟು ಸೀರೆ, ಅಷ್ಟೇ ಕೇಳ್ತಾರೆ” ಎಂದಳು ಹುಡುಗಿ.

ತಿಂಗಳಿಗೆ ನಾಲ್ಕು ಬೆರಳು. ಅದನ್ನು ಮೈಕಿನಲ್ಲಿ ಹೇಗೆ ಹೇಳಲಿ? ಸುಳ್ಳು ಲೆಕ್ಕ ಹೇಳಿದರೆ ಬಲ್ಲವರು ಹಿಡಿಯುತ್ತಾರೆ. ಅಷ್ಟು ಜನರ ನಡುವೆ ‘ನೇಯದವಳು ಇಲ್ಲಿಗೇಕೆ ಬಂದೆ’ ಎಂದು ಯಾರಾದರೂ ಕೇಳಿದರೆ? ಓಣಿಯವಳ ಮಾತು ನನಗೆ ಮರೆತಿರಲಿಲ್ಲ. ಮರೆತಿದ್ದೆ ಎಂದು ಹೇಳಿದರೆ ಇದು ಮತ್ತೊಂದು ಸುಳ್ಳಾಗುತ್ತದೆ. ಪೂರಾ ನೆನಪಿಟ್ಟುಕೊಂಡೇ ಹಸಿರು ಚೀಟಿ ಎತ್ತಿದೆ. ಕುಂಬಾರರ ಕಡೆಯವನೂ ಎತ್ತಿದ. ಮೇಜಿನವರೆಲ್ಲ ಎತ್ತಿದರು. ಚಪ್ಪಾಳೆ ಬಿತ್ತು, ಊಟಕ್ಕೆ ಎದ್ದೆವು.

ನನ್ನನ್ನು ಯಾರೂ ಹೆದರಿಸಲಿಲ್ಲ. ಕೆಂಪು ಚೀಟಿಯೂ ನನ್ನ ಮುಂದೆಯೇ ಇತ್ತು. ಇಂಥ ಸಭೆಗಳಲ್ಲಿ ಜನರ ಮಾತು ನಡೆಯುವುದಿಲ್ಲ, ಎಲ್ಲ ಮೊದಲೇ ಗೊತ್ತು ಮಾಡಿರುತ್ತಾರೆ ಎಂದು ನಮ್ಮ ಕಟ್ಟೆಯ ಮೇಲೆ ಕೂತವರು ಹೇಳುತ್ತಿರುತ್ತಾರೆ. ಇರಬಹುದು. ಆದರೆ ಅವತ್ತು ನಮ್ಮ ಮೇಜಿಗೆ ಜನ ಬಂದೇ ಇರಲಿಲ್ಲ. ಜನರ ಹೆಸರು ಹೇಳಿಕೊಂಡು ನಾವು ಬಂದಿದ್ದೆವು.

ಊರಿಗೆ ಬಂದಾಗ ಅವಳು ಕೇಳಿದಳು, “ಹೇಳಿದೇನ ದೊಡ್ಡವ್ವಾ?”

“ಬಾಳ ಮಂದಿ ಇದ್ರು, ನನಗ ಪಾಳಿ ಬರಲಿಲ್ಲಬೇ” ಎಂದೆ.

ಒಂದು ವರ್ಷದ ಮೇಲೆ ಜಮಖಂಡಿ ರಸ್ತೆಯ ಕಡೆ ಶೆಡ್ಡು ಎದ್ದಿತು. ಮನೆಗೆ ಬರುತ್ತಿದ್ದ ನೂಲು ನಿಂತಿತು. ಅವಳು ಕೇಳಲು ಕಚೇರಿಗೆ ಹೋದಳು. ಅಲ್ಲಿನ ಕ್ಲರ್ಕು ಒಂದು ಬಣ್ಣದ ಪುಸ್ತಕ ತೆಗೆದು ತೋರಿಸಿದನಂತೆ. ಚೀಟಿ ಎತ್ತಿದ ನನ್ನ ಫೋಟೋ, ಕೆಳಗೆ ‘ಮನೆಯಿಂದ ಶೆಡ್ಡಿಗೆ: ನೇಕಾರ ಮಹಿಳೆಯರ ಒಪ್ಪಿಗೆ’. ಅವಳು ಸೀದಾ ನಮ್ಮ ಪಡಸಾಲೆಗೆ ಬಂದು ನಿಂತಳು.

“ಪಾಳಿ ಬಂದಿಲ್ಲ ಅಂದಿ. ಆ ಫೋಟೋದಾಗಿನ ಕೈ ಯಾರದು?”

“ನಂದ.”

“ಯಾಕ?”

ನಾನು ಹೇಳಿದೆ. ಎಷ್ಟು ನೇಯ್ತಿ ಅಂತ ಕೇಳುತ್ತಾರೆ ಎಂದು ಅಂಜಿದ್ದನ್ನು ಹೇಳಿದೆ. ಅವಳು ಬಯ್ಯಲಿಲ್ಲ. ಕುಣಿಮಗ್ಗದ ಕಡೆ ಒಮ್ಮೆ ನೋಡಿದಳು. “ಊಟ ಛಲೋ ಇತ್ತೇನ ಅಲ್ಲಿ?”

“ಛಲೋ ಇತ್ತು.”

ಮರುದಿನ ಇಬ್ಬರೂ ಕಚೇರಿಗೆ ಹೋದೆವು. ನನ್ನ ಮಾತು ಹೊಡೆದುಹಾಕಿರಿ, ನಾನು ಕೈಮಗ್ಗದವಳಲ್ಲ ಎಂದು ಸಾಹೇಬರಿಗೆ ಹೇಳಿದೆ. ಇವರು ಹೊಸಬರು, ನನ್ನನ್ನು ಕಂಡವರಲ್ಲ.

“ಹಂಗ ಬರದ ಕೊಟ್ರ ಸರ್ಕಾರ ಕೊಟ್ಟ ನಿಮ್ಮ ನೇಕಾರ ಕಾರ್ಡ ಹೋಗ್ತೈತ್ರಿ ಆಯಿ. ನಿರ್ಣಯ ಹೋಗಾಂಗಿಲ್ಲ. ಅದು ನಿಮ್ಮೊಬ್ಬರದಲ್ಲ, ಮಂದೀದು.”

ಬರೆದುಕೊಟ್ಟೆ. ವಕ್ರವಕ್ರ ಅಕ್ಷರದಲ್ಲಿ ಅರ್ಧ ಪುಟ. ಅವಳು ಅದನ್ನು ಇಸಿದುಕೊಂಡು ನಿಧಾನಕ್ಕೆ ಓದಿದಳು.

“ಇದನ್ನ ಅಮಾಸಿ ದಿನಾನ ಆ ಸಾಹೇಬರ ಮುಂದ ಅಂದಿದ್ರ, ನನ್ನ ಮನಿಗೆ ಬರ್ತಿದ್ರು. ನಾ ಹೋಗ್ತಿದ್ದೆ.”

“ನಿಮ್ಮತ್ತಿನ್ನ ಯಾರ ನೋಡ್ತಿದ್ರಬೇ?”

“ನೀ ನೋಡ್ತಿದ್ದಿ.”

ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಒಂದು ವಾರ ಮೂರನೇ ಮನೆಯಲ್ಲಿ ಕೂತು ಒಬ್ಬ ಮುದುಕಿಯನ್ನು ಹೊರಳಿಸಿದ್ದರೆ ಸಾಕಿತ್ತು, ಮಾತು ತಲುಪುವಲ್ಲಿಗೆ ತಲುಪುತ್ತಿತ್ತು.

ಈಗ ಅವಳು ಶೆಡ್ಡಿಗೆ ಹೋಗುತ್ತಾಳೆ, ಬೆಳಿಗ್ಗೆ ಹೋದರೆ ಸಂಜೆಗೆ ಬರುವುದು. ಅಲ್ಲಿಯವರೆಗೆ ಅವಳ ಅತ್ತೆಯ ಹತ್ತಿರ ನಾನು ಕೂರುತ್ತೇನೆ. ಇದರಿಂದ ಏನೂ ತೀರುವುದಿಲ್ಲ, ಗೊತ್ತಿದೆ. ಮುದುಕಿಗೆ ನಿರ್ಣಯದ ಸುದ್ದಿಯನ್ನು ಯಾರೂ ಹೇಳಿಲ್ಲ, ಸೊಸೆ ಕೂಲಿಗೆ ಹೋಗುತ್ತಾಳೆ ಎಂದಷ್ಟೇ ಅವಳಿಗೆ ಗೊತ್ತು. ನಿನ್ನೆ ಗೋಡೆಯ ಕಡೆ ಹೊರಳಿಸುವಾಗ ಕೇಳಿದಳು, “ಮಗ್ಗದ ಸಪ್ಪಳ ಯಾಕ ಬರವಲ್ದು?”

“ನೂಲು ಬಂದಿಲ್ಲವ್ವಾ” ಎಂದೆ.

“ನೀ ಹೋಗಿ ಹೇಳಿ ಬಂದಿದ್ದಿಯಲ್ಲ?”

ದಿಂಬು ಸರಿ ಮಾಡಿದೆ.